ರಕ್ತದಲ್ಲಿದೆಯೋ, ಗಿರಣಿಯಲ್ಲಿದೆಯೋ?

(ಗಿರಣಿ ಕಾರ್ಮಿಕರ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತಿನ ವಿಷಯ ಒಂದು ಚೀಟಿಯಿಂದ ಹುಟ್ಟಿದ್ದು. ಹೋದ ತಿಂಗಳು ಒಬ್ಬ ತಾಯಿ ನಮ್ಮ ಯೂನಿಯನ್ ಕೊಠಡಿಗೆ ಬಂದರು. ಕಾರ್ಡಿಂಗ್ ಖಾತೆಯಲ್ಲಿ ಹದಿನಾಲ್ಕು ವರ್ಷ ದುಡಿದವರು. ಎರಡೂ ಕೈಯ ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ಬೆಳಿಗ್ಗೆ ಎದ್ದರೆ ಎರಡು ತಾಸು ಮುಷ್ಟಿ ಮಡಚಲಿಕ್ಕಾಗುವುದಿಲ್ಲ, ರೊಟ್ಟಿ ಬಡಿಯಲಿಕ್ಕಾಗುವುದಿಲ್ಲ, ಕುಪ್ಪಸದ ಗುಂಡಿ ಹಾಕಲು ಮಗಳನ್ನು ಕರೆಯಬೇಕು. ಹಗುರ ಕೆಲಸ ಕೊಡಿ ಎಂದು ಅರ್ಜಿ ಕೊಟ್ಟರೆ, ಗಿರಣಿಯವರು ತಿರುಗಿ ಕೊಟ್ಟ ಚೀಟಿಯಲ್ಲಿ ಎರಡೇ ಸಾಲು: ಇದು ವಂಶದಿಂದ ಬಂದ ರೋಗ, ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ತಾಯಿಯ ಅವ್ವನಿಗೂ ಕೈಬೆರಳು ಸೊಟ್ಟಗಾಗಿದ್ದವಂತೆ. ಆ ಮಾತನ್ನು ಈಕೆಯೇ ಗಿರಣಿಯ ಡಾಕ್ಟರ ಮುಂದೆ ಹೇಳಿದ್ದರು. ಹೇಳಿದ್ದೇ ತಪ್ಪಾಯಿತು.

“ಅಣ್ಣಾ, ಇದು ನನ್ನ ರಕ್ತದಾಗ ಐತೋ, ಮಿಲ್ಲಿನಾಗ ಐತೋ?” ಎಂದು ಆಕೆ ಕೇಳಿದರು.

ಆವೊತ್ತು ನನ್ನಲ್ಲಿ ಉತ್ತರವಿರಲಿಲ್ಲ. ನಾನು ಡಾಕ್ಟರನಲ್ಲ, ಯೂನಿಯನ್ನಿನ ಲೆಕ್ಕ ಬರೆಯುವವನು. ಆದರೆ ಉತ್ತರ ತಿಳಿಯದೆ ಆ ಚೀಟಿಗೆ ಜವಾಬು ಬರೆಯುವುದು ಹೇಗೆ? ಒಂದು ತಿಂಗಳು ಓದಿದೆ. ಓದಿದ್ದನ್ನು ಬಲ್ಲ ಡಾಕ್ಟರೊಬ್ಬರ ಮುಂದಿಟ್ಟು ತಿದ್ದಿಸಿಕೊಂಡೆ. ಮೊದಲೇ ಹೇಳಿಬಿಡುತ್ತೇನೆ, “ರಕ್ತದಲ್ಲಿ ಏನೂ ಇಲ್ಲ, ಎಲ್ಲ ಮಾಲೀಕರದೇ ತಪ್ಪು” ಎಂದು ಕೂಗಿ ಚಪ್ಪಾಳೆ ಗಿಟ್ಟಿಸುವ ಭಾಷಣ ಇದಲ್ಲ. ರಕ್ತದಲ್ಲಿಯೂ ಇದೆ. ಎಷ್ಟಿದೆ, ಇದ್ದ ಮಾತ್ರಕ್ಕೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ನಮ್ಮಲ್ಲಿ ಮೊಣಕಾಲು ಹಿಡಿದರೂ ವಾಯು, ಸೊಂಟ ಹಿಡಿದರೂ ವಾಯು. ವಯಸ್ಸಾಗಿ ಕೀಲು ಸವೆಯುವುದು ಒಂದು ರೋಗ. ನಾನು ಹೇಳುತ್ತಿರುವುದು ಬೇರೆ ರೋಗ. ಅದಕ್ಕೆ ರುಮಟಾಯ್ಡ್ ಕೀಲುವಾತ ಎನ್ನುತ್ತಾರೆ. ನಾಡವೈದ್ಯರು ಆಮವಾತ ಎನ್ನುವುದು ಹೆಚ್ಚುಕಡಮೆ ಇದನ್ನೇ. ಇಲ್ಲಿ ಕೀಲು ತಾನಾಗಿ ಸವೆಯುವುದಿಲ್ಲ. ರೋಗಾಣುಗಳಿಂದ ಮೈಯನ್ನು ಕಾಯಬೇಕಾದ ಪಹರೆಯವರೇ ದಾರಿ ತಪ್ಪಿ, ಕೀಲಿನ ಒಳಪೊರೆಯ ಮೇಲೆ ಬೀಳುತ್ತಾರೆ. ಪೊರೆ ಊದುತ್ತದೆ; ಊದಿದ ಪೊರೆ ಎಲುಬನ್ನು ಕೊರೆಯುತ್ತದೆ. ಎಡಗೈಗೆ ಬಂದರೆ ಬಲಗೈಗೂ ಬರುವುದು ಇದರ ಲಕ್ಷಣ. ಮುದುಕರ ರೋಗವೂ ಇದಲ್ಲ. ದುಡಿಯುವ ವಯಸ್ಸಿನಲ್ಲೇ ಹಿಡಿಯುತ್ತದೆ. ಗಂಡಸರಿಗೆ ಬರುವುದಕ್ಕಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಹೆಂಗಸರಿಗೆ ಬರುತ್ತದೆ. ದೆಹಲಿಯ ಹತ್ತಿರದ ಬಲ್ಲಭಗಢದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತೆಗೆದ ಲೆಕ್ಕ 1993ರಲ್ಲಿ ಪ್ರಕಟವಾಯಿತು: ವಯಸ್ಕರಲ್ಲಿ ಸಾವಿರಕ್ಕೆ ಏಳೆಂಟು ಮಂದಿ. ಸಾವಿರ ಜನ ದುಡಿಯುವ ಗಿರಣಿಯೊಂದಕ್ಕೆ ಏಳೆಂಟು ಜೊತೆ ಕೈಗಳು ಎಂದು ತಿಳಿಯಿರಿ.

ಇದು ಮನೆತನದಲ್ಲಿ ಹರಿದುಬರುತ್ತದೆಯೇ? ಅವಳಿ ಮಕ್ಕಳನ್ನು ನೋಡಿದರೆ ತಿಳಿಯುತ್ತದೆ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳ ವಂಶವಾಹಿಗಳು, ಅಂದರೆ ಜೀನುಗಳು, ಪೂರಾ ಒಂದೇ. ಬ್ರಿಟನ್ನಿನಲ್ಲಿ ಇಂಥ ಜೋಡಿಗಳನ್ನು ಹುಡುಕಿ ನೋಡಿ 1993ರಲ್ಲಿ ಹೇಳಿದ್ದು ಇದು: ಒಬ್ಬರಿಗೆ ಈ ರೋಗವಿದ್ದರೆ ಇನ್ನೊಬ್ಬರಿಗೂ ಬಂದಿದ್ದದ್ದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ. ತದ್ರೂಪಿಗಳಲ್ಲದ ಅವಳಿಗಳಲ್ಲಿ ನೂರಕ್ಕೆ ಸುಮಾರು 4. ಹದಿನೈದು ಎಂಬುದು ನಾಲ್ಕಕ್ಕಿಂತ ಬಹಳ ಹೆಚ್ಚು. ಆದ್ದರಿಂದ ವಂಶದ ಪಾತ್ರ ಉಂಟು. ಆದರೆ ನೂರಕ್ಕೆ 85 ಜೋಡಿಗಳಲ್ಲಿ, ಅದೇ ರಕ್ತ, ಅದೇ ಜೀನು ಇದ್ದೂ ಎರಡನೆಯವರಿಗೆ ರೋಗ ಬಂದಿರಲಿಲ್ಲ. ಚೀಟಿ ಬರೆದವರು ಹದಿನೈದನ್ನು ನೋಡಿದರು, ಎಂಬತ್ತೈದನ್ನು ನೋಡಲಿಲ್ಲ.

ಈ ಹದಿನೈದರ ಒಳಗುಟ್ಟು ಏನು? ದಲಾಲಿ ಅಂಗಡಿಯ ಬಂಧುಗಳು ಇಲ್ಲಿದ್ದೀರಿ, ನಿಮ್ಮ ಉದಾಹರಣೆಯನ್ನೇ ಹೇಳುತ್ತೇನೆ. ಚೀಲದಿಂದ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿಟ್ಟು ಖರೀದಿದಾರನಿಗೆ ತೋರಿಸುತ್ತೀರಿ. ಅವನು ಮಾದರಿ ನೋಡಿ ಮಾಲನ್ನು ಅಳೆಯುತ್ತಾನೆ. ನಮ್ಮ ಮೈಯಲ್ಲೂ ಇದೇ ವ್ಯವಹಾರ. ಕೆಲವು ಜೀವಕೋಶಗಳು ಸಿಕ್ಕಿದ ಪ್ರೊಟೀನಿನ ಚೂರುಗಳನ್ನು ಒಂದು ಅಂಗೈಯಂಥ ಅಚ್ಚಿನಲ್ಲಿಟ್ಟು ಪಹರೆಯವರಿಗೆ ತೋರಿಸುತ್ತವೆ: ಇದು ನಮ್ಮದೋ, ಹೊರಗಿನದೋ, ನೋಡು. ಆ ಅಂಗೈಗೆ ಎಚ್‌ಎಲ್‌ಎ ಎಂದು ಹೆಸರು. ಅದರ ಆಕಾರ ಎಲ್ಲರಿಗೂ ಒಂದೇ ಇರುವುದಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಅಮೆರಿಕದ ಡಲ್ಲಾಸಿನಲ್ಲಿ ಪೀಟರ್ ಸ್ಟಾಸ್ಟ್ನಿ ಎಂಬ ಡಾಕ್ಟರು ಎಪ್ಪತ್ತರ ದಶಕದಲ್ಲಿ ಕೀಲುವಾತದವರ ರಕ್ತ ಪರೀಕ್ಷಿಸಿದಾಗ, ಡಿಆರ್‌4 ಎಂಬ ಒಂದು ಬಗೆಯ ಅಂಗೈ ಅವರಲ್ಲಿ ಹೆಚ್ಚಾಗಿ ಕಂಡಿತು. 1987ರಲ್ಲಿ ಗ್ರೆಗರ್ಸನ್, ಸಿಲ್ವರ್, ವಿಂಚೆಸ್ಟರ್ ಎಂಬ ಮೂವರು ಇನ್ನೂ ಹತ್ತಿರ ಹೋದರು. ಆ ಪ್ರೊಟೀನನ್ನು ಮಣಿಸರವೆಂದು ಭಾವಿಸಿದರೆ, 70ನೆಯ ಮಣಿಯಿಂದ 74ನೆಯ ಮಣಿಯವರೆಗಿನ ಐದು ಮಣಿಗಳ ಜೋಡಣೆಯಲ್ಲಿ ಗುಟ್ಟಿದೆ ಎಂದರು. ಅಂಗೈ ಯಾವ ಹೆಸರಿನದಾದರೂ ಆಗಲಿ, ಆ ಐದು ಮಣಿ ಒಂದು ಬಗೆಯಲ್ಲಿದ್ದರೆ ರೋಗದ ಸಂಭವ ಹೆಚ್ಚು.

ನೂಲಿಗೆ ನಲವತ್ತರದು, ಅರವತ್ತರದು ಎಂದು ನಂಬರಿರುವ ಹಾಗೆ ಈ ಅಂಗೈಗಳಿಗೂ ನಂಬರುಗಳಿವೆ. ಉತ್ತರ ಯೂರೋಪಿನವರಲ್ಲಿ ಅಪಾಯದ್ದು ಮುಖ್ಯವಾಗಿ 0401. ಜಪಾನಿನವರಲ್ಲಿ 0405. ಅಮೆರಿಕದ ಮೂಲನಿವಾಸಿಗಳಾದ ಯಾಕಿಮಾ, ಟ್ಲಿಂಗಿಟ್ ಜನರಲ್ಲಿ 1402. ನಮ್ಮ ಭಾರತೀಯರಲ್ಲಿ ಮತ್ತೆ ಮತ್ತೆ ಕಂಡುಬಂದದ್ದು 1001. ನಂಬರು ಬೇರೆ, ಐದು ಮಣಿಗಳ ಪಾಠ ಹೆಚ್ಚುಕಡಮೆ ಒಂದೇ.

ಆದರೆ ಎಲ್ಲ ಜೀನುಗಳ ಮಾತು ಹೀಗಿಲ್ಲ. 2004ರಲ್ಲಿ ಪಿಟಿಪಿಎನ್22 ಎಂಬ ಇನ್ನೊಂದು ಜೀನಿನ ದೋಷವನ್ನು ಬಿಳಿಯರಲ್ಲಿ ಕಂಡುಹಿಡಿದು ದೊಡ್ಡ ಸುದ್ದಿಯಾಯಿತು. ಜಪಾನ್, ಕೊರಿಯಾಗಳಲ್ಲಿ ಹುಡುಕಿದರೆ ಆ ದೋಷವೇ ಇಲ್ಲವೆನ್ನುವಷ್ಟು ಅಪರೂಪ. ಒಂದು ಜನಾಂಗದ ಮೈ ಅಳೆದು ಹೊಲಿದ ಅಂಗಿ ಇನ್ನೊಂದು ಜನಾಂಗಕ್ಕೆ ಸರಿಹೊಂದುವುದಿಲ್ಲ. ಹಾಗಿದ್ದೂ ಅಳೆದದ್ದು ಯಾರನ್ನು? 2021ರ ಹೊತ್ತಿಗೆ ಜಗತ್ತಿನಲ್ಲಿ ಇಡೀ ಜೀನುಸಂಪುಟವನ್ನು ಜಾಲಾಡಿದ ಅಧ್ಯಯನಗಳಿಗೆ ರಕ್ತ ಕೊಟ್ಟವರಲ್ಲಿ ನೂರಕ್ಕೆ ಸುಮಾರು 86 ಮಂದಿ ಯೂರೋಪ್ ಮೂಲದವರು. ಮನುಷ್ಯಕುಲದ ಕಾಲುಭಾಗ ನಮ್ಮ ದಕ್ಷಿಣ ಏಷ್ಯಾದಲ್ಲಿದೆ. ಆ ಲೆಕ್ಕದಲ್ಲಿ ನಮ್ಮ ಪಾಲು ಉಪ್ಪಿನಕಾಯಿಯಷ್ಟು. ಹಣವಿದ್ದ ಕಡೆ ವಿಜ್ಞಾನ ಹೋಗುತ್ತದೆ. ಬಡವನ ರಕ್ತ ಕುಡಿಯಲು ಬಂದವರು ಬಹಳ, ಪರೀಕ್ಷಿಸಲು ಬಂದವರು ಕಡಿಮೆ.

ಹೀಗೆ ಯಾರೂ ಅಷ್ಟಾಗಿ ನೋಡದೆ ಬಿಟ್ಟಿದ್ದ ಜನರ ನಡುವೆಯೇ ಆ ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿಕ್ಕಿದ್ದು ಮಲೇಶಿಯಾದಲ್ಲಿ. ಅಲ್ಲಿ ಮಲಯರು, ಚೀಣೀಯರು, ಭಾರತೀಯರು ಎಂದು ಮೂರು ದೊಡ್ಡ ಜನಸಮುದಾಯಗಳು. ಭಾರತೀಯರೆಂದರೆ ಬಹುಪಾಲು ಬ್ರಿಟಿಷರ ಕಾಲದಲ್ಲಿ ರಬ್ಬರ್ ತೋಟಗಳ ಕೂಲಿಗೆ ಹಡಗು ಹತ್ತಿದ ತಮಿಳರ ಸಂತತಿ, ನಮ್ಮ ನೆರೆಯವರು. ಅಲ್ಲಿಯ ಸಂಶೋಧಕರು ಸ್ವೀಡನ್ನಿನವರ ಜೊತೆಗೂಡಿ 2005ರಿಂದ ಹೊಸದಾಗಿ ಕೀಲುವಾತ ಬಂದವರನ್ನೂ, ಅದೇ ವಯಸ್ಸಿನ ರೋಗವಿಲ್ಲದವರನ್ನೂ ಪಟ್ಟಿಮಾಡಿ, ರಕ್ತ ತೆಗೆದು, ಬದುಕಿನ ವಿವರ ಕೇಳಿ ಬರೆದುಕೊಂಡರು. 2011ರಲ್ಲಿ ಪ್ರಕಟಿಸಿದ ಮೊದಲ ಮಾತು: ಆ ಐದು ಮಣಿಗಳ ಜೋಡಣೆ ಮೂರೂ ಸಮುದಾಯಗಳಲ್ಲಿ ಅಪಾಯವನ್ನು ಹೆಚ್ಚಿಸುತ್ತದೆ. ಅಂದರೆ ಬಿಳಿಯರಲ್ಲಿ ಕಂಡ ಈ ಒಂದು ಸಂಗತಿ ಇಲ್ಲಿಗೂ ಹೊಂದುತ್ತದೆ.

ಎರಡನೆಯ ಮಾತು ಬಂದದ್ದು 2016ರಲ್ಲಿ. ಅದು ನೇರವಾಗಿ ನಿಮಗೆ ಸಂಬಂಧಿಸಿದ್ದು, ಗಮನವಿಟ್ಟು ಕೇಳಿ. ರೋಗ ಬಂದ 910 ಹೆಂಗಸರು, ರೋಗವಿಲ್ಲದ 910 ಹೆಂಗಸರು. ಎಲ್ಲರಿಗೂ ಕೇಳಿದರು: ಕೆಲಸದ ಜಾಗದಲ್ಲಿ ನೂಲು ಬಟ್ಟೆಯ ದೂಳಿನಲ್ಲಿ ದುಡಿದದ್ದುಂಟೋ? ದೂಳಿನಲ್ಲಿ ದುಡಿದವರಿಗೆ ಕೀಲುವಾತದ ಸಂಭವ ದುಡಿಯದವರ 2.8 ಪಟ್ಟು. ಅಲ್ಲಿಗೆ ನಿಲ್ಲಲಿಲ್ಲ. ದೂಳೂ ಇಲ್ಲ, ಆ ಜೀನೂ ಇಲ್ಲ ಎಂಬ ಹೆಂಗಸರನ್ನು ಒಂದು ಎಂದಿಟ್ಟುಕೊಂಡರೆ, ಜೀನೂ ಇದ್ದು ದೂಳೂ ಕುಡಿದವರಲ್ಲಿ, ರಕ್ತದಲ್ಲಿ ಒಂದು ವಿಶೇಷ ಪ್ರತಿಕಾಯ ಕಾಣುವ ಉಗ್ರ ಬಗೆಯ ಕೀಲುವಾತದ ಸಂಭವ 39 ಪಟ್ಟು.

ಮೂವತ್ತೊಂಬತ್ತು ಎಂದ ಕೂಡಲೇ ಅದನ್ನು ಗೋಡೆಗೆ ಬರೆಯಬೇಡಿ. ದೂಳಿನಲ್ಲಿ ದುಡಿದವರ ಸಂಖ್ಯೆಯೇ ಆ ಪಟ್ಟಿಯಲ್ಲಿ ಚಿಕ್ಕದು. ನಿಜವಾದ ಅಂಕಿ 5 ಇರಬಹುದು, 300ರ ಹತ್ತಿರವೂ ಇರಬಹುದು ಎಂದು ಆ ಸಂಶೋಧಕರೇ ಲೆಕ್ಕ ಕೊಟ್ಟಿದ್ದಾರೆ. ದೂಳಿನ ಪ್ರಮಾಣವನ್ನು ಯಂತ್ರದಿಂದ ಅಳೆಯಲಿಲ್ಲ. ಹೆಂಗಸರು ಹೇಳಿದ್ದನ್ನೇ ಬರೆದುಕೊಂಡರು. ಲೆಕ್ಕ ಬರೆಯುವವನಾಗಿ ಇದನ್ನು ಮುಚ್ಚಿಡಲಾರೆ. ಮುಚ್ಚಿಟ್ಟರೆ ನಾಳೆ ಮಾಲೀಕರ ವಕೀಲನೇ ಬಿಚ್ಚುತ್ತಾನೆ. ಆದರೆ ಕಡಿಮೆಯೆಂದರೂ ಐದು ಪಟ್ಟು ಎಂಬುದು ನೆನಪಿರಲಿ.

ಇನ್ನೊಂದು ಅಂಕಿ ನನಗೆ ಮೂವತ್ತೊಂಬತ್ತಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕೀಲುವಾತದಲ್ಲಿ ಎರಡು ಬಗೆ: ಆ ಪ್ರತಿಕಾಯ ಇರುವುದು, ಇಲ್ಲದಿರುವುದು. ಐದು ಮಣಿಗಳ ಜೀನಿಗೆ ಅಂಟಿಕೊಂಡಿರುವುದು ಮುಖ್ಯವಾಗಿ ಮೊದಲ ಬಗೆ. ಆದರೆ ದೂಳಿನಲ್ಲಿ ದುಡಿದವರಲ್ಲಿ ಎರಡನೆಯ ಬಗೆಯೂ 3.5 ಪಟ್ಟು ಹೆಚ್ಚಿತ್ತು. ಆ ಜೀನಿನ ನೆರವಿಲ್ಲದೆಯೂ ದೂಳು ಕೇಡು ಮಾಡುತ್ತದೆ ಎಂದಾಯಿತು.

ದೂಳು ಕುಡಿಯುವುದು ಎದೆ, ಕೆಡುವುದು ಕೈ. ಇದೇನು ಮಾಯೆ ಎಂದು ಕೇಳುತ್ತೀರಿ. ಡಾಕ್ಟರು ನನಗೆ ಹೀಗೆ ವಿವರಿಸಿದರು. ದೂಳು, ಹೊಗೆ ಹೋಗಿ ಶ್ವಾಸಕೋಶ ಕೆರಳಿದಾಗ, ಅಲ್ಲಿಯ ನಮ್ಮದೇ ಪ್ರೊಟೀನುಗಳಲ್ಲಿ ಅರ್ಜಿನೀನ್ ಎಂಬ ಮಣಿ ಸಿಟ್ರುಲೀನ್ ಎಂಬ ಮಣಿಯಾಗಿ ಬದಲಾಗುತ್ತದೆ. ಐದು ಮಣಿಗಳ ಅಂಗೈ ಈ ಬದಲಾದ ಚೂರನ್ನು ಭದ್ರವಾಗಿ ಹಿಡಿದು ತೋರಿಸುತ್ತದೆ. ಪಹರೆಯವನು ಮನೆಯ ಮಗನನ್ನೇ ಕಳ್ಳನೆಂದು ತಿಳಿದು ಸುತ್ತೋಲೆ ಹೊರಡಿಸುತ್ತಾನೆ. ಆ ಸುತ್ತೋಲೆಯೇ ಪ್ರತಿಕಾಯ. ಕೈ ಊದುವುದಕ್ಕೆ ವರ್ಷಗಟ್ಟಲೆ ಮೊದಲೇ ಅದು ರಕ್ತದಲ್ಲಿ ಓಡಾಡುತ್ತಿರುತ್ತದೆ. ಇದೇ ದಾರಿ ಎಂದು ವಿಜ್ಞಾನಿಗಳು ಹೆಚ್ಚಾಗಿ ನಂಬಿರುವುದು ಬೀಡಿ ಸಿಗರೇಟಿನ ಹೊಗೆಯ ವಿಷಯದಲ್ಲಿ. ಸ್ವೀಡನ್ನಿನಲ್ಲಿ 2006ರಲ್ಲಿ ತೋರಿಸಿದರು: ಎರಡೂ ಕಡೆಯಿಂದ ಆ ಜೀನು ಬಂದು, ಸಿಗರೇಟೂ ಸೇದುವವರಿಗೆ ಪ್ರತಿಕಾಯದ ಬಗೆಯ ಕೀಲುವಾತದ ಅಪಾಯ 21 ಪಟ್ಟು. ಮಲೇಶಿಯಾದಲ್ಲೂ ಹೊಗೆಯ ಅಪಾಯ ಕಂಡಿತು. ಬೀಡಿ ಮಾರುವ ಅಂಗಡಿಯ ಬಂಧುಗಳು ಬೇಸರಿಸಬಾರದು, ಮಾಲೀಕರ ದೂಳನ್ನು ಬೈದು ನಮ್ಮ ಹೊಗೆಯನ್ನು ಬಿಟ್ಟುಬಿಟ್ಟರೆ ಅದು ಪ್ರಾಮಾಣಿಕತೆಯಲ್ಲ. ಕಲ್ಲುದೂಳಿನ ಕಥೆಯೂ ಇದೇ ಕುಲದ್ದು. 1953ರಷ್ಟು ಹಿಂದೆಯೇ ವೇಲ್ಸಿನ ಕಲ್ಲಿದ್ದಲು ಗಣಿಗಳ ಕೀಲುವಾತದ ಕೂಲಿಕಾರರ ಎದೆಯಲ್ಲಿ ವಿಚಿತ್ರ ಗಂಟುಗಳಿವೆ ಎಂದು ಕ್ಯಾಪ್ಲನ್ ಎಂಬ ಡಾಕ್ಟರು ಎಕ್ಸ್‌ರೇ ನೋಡಿ ಬರೆದರು. ಎದೆಗೂ ಕೀಲಿಗೂ ನಂಟಿದೆಯೆಂಬುದಕ್ಕೆ ಅದು ಹಳೆಯ ಸಾಕ್ಷಿ.

“ಜನಾಂಗದ ಗುಣವೇ ಹಾಗೆ” ಎನ್ನುವವರಿಗೆ ಅರಿಜೋನಾದ ಪೀಮಾ ಜನರ ಮಾತು ಹೇಳಬೇಕು. ಅಮೆರಿಕದ ಈ ಮೂಲನಿವಾಸಿಗಳಲ್ಲಿ ಕೀಲುವಾತ ಉಳಿದ ಜನರಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ರಕ್ತದ ದೋಷಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ ಎನ್ನುತ್ತಿದ್ದರು. ಆದರೆ 1965ರಿಂದ 1990ರವರೆಗೆ, ಇಪ್ಪತ್ತೈದು ವರ್ಷ, ಅದೇ ಜನರನ್ನು ಬಿಡದೆ ಗಮನಿಸಿದಾಗ ಹೊಸದಾಗಿ ರೋಗ ಬೀಳುವವರ ಪ್ರಮಾಣ ಗಣನೀಯವಾಗಿ ಇಳಿದಿತ್ತು. ಇಪ್ಪತ್ತೈದು ವರ್ಷದಲ್ಲಿ ಒಂದು ಜನಾಂಗದ ಜೀನು ಬದಲಾಗುವುದಿಲ್ಲ. ಬದಲಾದದ್ದು ಬದುಕು.

ನಮ್ಮ ದೇಶದಲ್ಲಿ ಈ ಮಾತಿಗೆ ಇನ್ನೊಂದು ಅಪಾಯವಿದೆ. ಸಾವಿರಾರು ವರ್ಷ ಜಾತಿಯೊಳಗೇ ಹೆಣ್ಣು ತಂದು ಹೆಣ್ಣು ಕೊಟ್ಟು, ಒಂದೊಂದು ಜಾತಿಯನ್ನೂ ಬೇರೆ ಬೇರೆ ಹೊಂಡ ಮಾಡಿಟ್ಟಿದ್ದೇವೆ. 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಜೀನು ನೋಡಿದ ವಿಜ್ಞಾನಿಗಳು ಇದನ್ನೇ ಹೇಳಿದರು. ಯಾವ ಹೊಂಡದಲ್ಲಿ ಯಾವ ರೋಗದ ಬೀಜ ಹೆಚ್ಚು ಎಂದು ಹುಡುಕುವುದು ಔಷಧಿಗಾಗಿ ಬೇಕು, ಹುಡುಕಲಿ. ಆದರೆ “ಆ ಜಾತಿಯವರಿಗೆ ಕೀಲುವಾತ ಜಾಸ್ತಿ, ಕಾರ್ಡಿಂಗ್ ಖಾತೆಗೆ ಬೇಡ” ಎಂದು ಜಾಬರನೊಬ್ಬ ಶುರುಮಾಡಿದರೆ, ಹಳೆಯ ಮಡಿಮೈಲಿಗೆಗೆ ಹೊಸ ಇಂಗ್ಲಿಷ್ ಹೆಸರು ಸಿಕ್ಕಂತೆ.

ಇದು ನನ್ನ ಕಲ್ಪನೆಯೆಂದು ತಿಳಿಯಬೇಡಿ. ಅಮೆರಿಕದ ಬರ್ಲಿಂಗ್ಟನ್ ನಾರ್ದರ್ನ್ ಸಾಂಟಾ ಫೇ ಎಂಬ ರೈಲು ಕಂಪನಿಯಲ್ಲಿ ಹಳಿ ರಿಪೇರಿಯ ಕೂಲಿಕಾರರು ಮಣಿಕಟ್ಟಿನ ನರ ಹಿಸುಕಿ ನೋವೆಂದು ಪರಿಹಾರ ಕೇಳಿದರು. ಕಂಪನಿ ಅವರ ರಕ್ತ ತೆಗೆಸಿ, ಅವರಿಗೆ ಹೇಳದೆಯೇ, ಇದು ವಂಶದ ದೋಷವೋ ಎಂದು ಜೀನು ಪರೀಕ್ಷೆಗೆ ಕಳಿಸಿತು. ವಿಷಯ ಹೊರಬಿತ್ತು. 2001ರ ಫೆಬ್ರವರಿಯಲ್ಲಿ ಸರಕಾರದ ಸಮಾನಾವಕಾಶ ಆಯೋಗ ಕಂಪನಿಯ ಮೇಲೆ ದಾವೆ ಹೂಡಿತು. ಮಾರನೆಯ ವರ್ಷ 22 ಲಕ್ಷ ಡಾಲರು ಕೊಟ್ಟು ಕಂಪನಿ ರಾಜಿಯಾಯಿತು. 2008ರಲ್ಲಿ ಆ ದೇಶ, ಜೀನು ನೋಡಿ ಕೆಲಸ ಕೊಡುವುದನ್ನೂ ತೆಗೆಯುವುದನ್ನೂ ನಿಷೇಧಿಸುವ ಕಾಯ್ದೆ ಮಾಡಿತು. ಬಂಡವಾಳಗಾರರ ದೇಶದಲ್ಲೇ ಈ ಕಾಯ್ದೆ ಬೇಕಾಯಿತು ಎಂಬುದನ್ನು ನೋಡಿ. ಗೋಡೆಯ ಬಿರುಕಿಗೆ ಹಾವು ಬಂದರೆ ಹಾವನ್ನು ಹಿಡಿಯುತ್ತಾರೆ, ಮನೆಯವರನ್ನು ಹೊರಗೆ ಹಾಕುವುದಿಲ್ಲ. ಇವರದು ಮನೆಯವರನ್ನು ಹೊರಗೆ ಹಾಕುವ ಲೆಕ್ಕ. ಅದೂ ತಪ್ಪು ಲೆಕ್ಕ: ಜೀನು ಇರುವವರಲ್ಲಿ ಬಹುಮಂದಿಗೆ ರೋಗ ಬರುವುದೇ ಇಲ್ಲ; ಜೀನು ಇಲ್ಲದವರನ್ನೇ ಆರಿಸಿಟ್ಟರೂ ದೂಳು ಅವರನ್ನು ಬಿಡುವುದಿಲ್ಲ. ಮೂರೂವರೆ ಪಟ್ಟಿನ ಅಂಕಿಯನ್ನು ನಾನು ಮುಖ್ಯವೆಂದದ್ದು ಇದಕ್ಕೆ.

ಹತ್ತಿದೂಳಿನ ಎದೆರೋಗ ನಿಮಗೆ ಹೊಸದಲ್ಲ. ರಜೆ ಮುಗಿಸಿ ಸೋಮವಾರ ಖಾತೆಗೆ ಕಾಲಿಟ್ಟರೆ ಎದೆ ಬಿಗಿಯುವುದನ್ನು ಹಳಬರು ಬಲ್ಲರು, ಅದೇ ಬಿಸಿನೋಸಿಸ್. ಅದಕ್ಕೂ ಮೊದಮೊದಲು “ಇವರ ಎದೆಯೇ ಬಲಹೀನ” ಎಂಬ ಜವಾಬೇ ಸಿಗುತ್ತಿತ್ತು. ಬ್ರಿಟನ್ನಿನಲ್ಲಿ 1941ರಲ್ಲಿ ಪರಿಹಾರದ ಯೋಜನೆ ಬಂದಾಗಲೂ 20 ವರ್ಷ ದೂಳಿನಲ್ಲಿ ದುಡಿದಿರಬೇಕೆಂಬ ಷರತ್ತಿತ್ತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಗೆ ಬಿಸಿನೋಸಿಸ್ ಸೇರಿತು. ಕೀಲುವಾತ ಆ ಪಟ್ಟಿಗೆ ಸೇರಲಿಲ್ಲ. ಒಂದೇ ದೇಶದ ಒಂದು ಅಧ್ಯಯನದಿಂದ ಸೇರಿಸಲಾಗುವುದಿಲ್ಲ ಎಂದರೆ ನಾನು ಒಪ್ಪುತ್ತೇನೆ. ಹಾಗಾದರೆ ಇಲ್ಲಿಯೂ ಲೆಕ್ಕ ತೆಗೆಯಿರಿ ಎನ್ನುತ್ತೇನೆ. ಇಷ್ಟು ಗಿರಣಿ, ಇಷ್ಟು ಜಿನ್ನಿಂಗ್ ಫ್ಯಾಕ್ಟರಿ, ಇಷ್ಟು ಗಾರ್ಮೆಂಟ್ ಷೆಡ್ಡು ಇರುವ ನಾಡಿನಲ್ಲಿ ದುಡಿಯುವ ಹೆಂಗಸರ ಕೈಯನ್ನು ಹಿಡಿದು ನೋಡುವವರು ಬೇಡವೇ?

ಎರಡು ಮಗ್ಗ ಮನೆಯಲ್ಲೇ ಇಟ್ಟುಕೊಂಡ ಸಣ್ಣ ಮಾಲೀಕರೂ ಇಲ್ಲಿದ್ದೀರಿ. ನಿಮ್ಮ ಮನೆಯಲ್ಲಿ ಅದೇ ದೂಳು ಒಲೆಯ ಮುಂದಕ್ಕೂ ತೊಟ್ಟಿಲಿಗೂ ಬರುತ್ತದೆ. ಅರ್ಜಿ ಹಾಕಲು ನಿಮಗೆ ಮಾಲೀಕನೂ ಇಲ್ಲ. ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಮಗ್ಗದ ಮನೆಗೂ ಮಲಗುವ ಮನೆಗೂ ನಡುವೆ ಬಾಗಿಲಿರಲಿ. ಗಿರಣಿಗಳಿಗೆ ನಮ್ಮ ಬೇಡಿಕೆ ದೊಡ್ಡದು: ಕಾರ್ಡಿಂಗ್ ಯಂತ್ರದ ಬಾಯಲ್ಲೇ ದೂಳು ಹೀರುವ ಕೊಳವೆ ಹಾಕಬೇಕು, ಗಾಳಿಯ ಪೈಪಿನಿಂದ ದೂಳು ಊದುವುದನ್ನು ನಿಲ್ಲಿಸಬೇಕು, ಕೈ ಊದಿದವರಿಗೆ ಪಗಾರ ಕಡಿಯದೆ ಬೇರೆ ಖಾತೆಯಲ್ಲಿ ಕೆಲಸ ಕೊಡಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಇನ್ನು ರೋಗ ಬಂದವರಿಗೆ ಎರಡು ಮಾತು. ಬೆಳಿಗ್ಗೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಕೈ ಬಿಗಿದರೆ, ಎರಡೂ ಕೈಯ ಸಣ್ಣ ಕೀಲುಗಳು ಊದಿದರೆ, ಆರು ವಾರದವರೆಗೂ ಇಳಿಯದಿದ್ದರೆ, ವಾಯು ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಮೊದಲ ತಿಂಗಳುಗಳಲ್ಲೇ ಔಷಧಿ ಶುರುಮಾಡಿದರೆ ಎಲುಬು ಕೊರೆಯುವುದನ್ನು ಬಹುಮಟ್ಟಿಗೆ ತಡೆಯಬಹುದು. ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್, ಹಳೆಯದು, ಅಗ್ಗದ್ದು. ಅದನ್ನು ನುಂಗುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾಲೂ ನುಂಗಿದವರು ಸತ್ತದ್ದುಂಟು. ಆದ್ದರಿಂದ ವಾರ ಯಾವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಸುರಿಯರು, ಬಸುರಾಗಬೇಕೆಂದಿರುವವರು ತೆಗೆದುಕೊಳ್ಳಲೇಬಾರದು, ಡಾಕ್ಟರಿಗೆ ಮೊದಲೇ ಹೇಳಬೇಕು. ಸಂತೆಯಲ್ಲಿ ಹೆಸರಿಲ್ಲದ ಪುಡಿ ಮಾರುವವರ ಹತ್ತಿರ ಹೋಗಬೇಡಿ. ಮೂರೇ ದಿನದಲ್ಲಿ ನೋವು ಹಾರಿಸುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಜೀನು ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಗಿರಣಿಯವರು ಯಾರಿಗಾದರೂ ಹೇಳಿದರೆ, ಸಹಿ ಹಾಕುವ ಮೊದಲು ನಮ್ಮ ಹತ್ತಿರ ಬನ್ನಿ. ರೋಗ ಗುರುತಿಸಲು ಆ ಪರೀಕ್ಷೆ ಬೇಕಾಗಿಲ್ಲ. ಪ್ರತಿಕಾಯದ ರಕ್ತಪರೀಕ್ಷೆ ಮತ್ತು ಕೈ ಮುಟ್ಟಿ ನೋಡುವ ಡಾಕ್ಟರು ಸಾಕು.

ಆ ತಾಯಿಯ ಚೀಟಿಗೆ ಮೊನ್ನೆ ಜವಾಬು ಬರೆದು ಕಳಿಸಿದ್ದೇವೆ. ವಂಶದ ಪಾತ್ರವಿದೆ ಎಂಬುದನ್ನು ಅದರಲ್ಲಿ ಒಪ್ಪಿಕೊಂಡಿದ್ದೇವೆ. ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ಎರಡನೆಯ ಸಾಲಿಗೆ ಆಧಾರವೇನೆಂದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಆಕೆ ಔಷಧಿ ಶುರುಮಾಡಿದ್ದಾರೆ. ಬೆಳಗಿನ ಬಿಗಿತ ಎರಡು ತಾಸಿನಿಂದ ಮುಕ್ಕಾಲು ತಾಸಿಗೆ ಇಳಿದಿದೆಯಂತೆ. ಯೂನಿಯನ್ ಕೊಠಡಿಯಲ್ಲಿ ಕೆಂಪು ರಟ್ಟಿನ ಒಂದು ಪುಸ್ತಕ ಇಟ್ಟಿದ್ದೇವೆ. ಕೈ ಊದಿದವರು ಬಂದು ಬರೆಸಿ: ಯಾವ ಖಾತೆ, ಎಷ್ಟು ವರ್ಷ, ಬೀಡಿಯುಂಟೋ, ಮನೆಯಲ್ಲಿ ಇನ್ನಾರಿಗಾದರೂ ಇತ್ತೋ. ಜಾತಿಯ ಕಾಲಂ ಅದರಲ್ಲಿ ಇಲ್ಲ. ಹೆಸರು ಹೊರಗೆ ಹೋಗುವುದಿಲ್ಲ. ಎರಡನೆಯ ಪಾಳಿ ಬಿಟ್ಟ ಮೇಲೂ ಕೊಠಡಿ ತೆರೆದಿರುತ್ತದೆ.